ಆರು ಗಂಟೆಯ ಯಾತ್ರೆಗೆ ಎಷ್ಟು ದಿನಗಳ ಸಿದ್ಧತೆ?

ಬೆಂಗಳೂರಿನಿಂದ ಜಿದ್ದಾಕ್ಕೆ ಆಕಾಶಮಾರ್ಗವಾಗಿ ಸುಮಾರು 4,200 ಕಿಲೋಮೀಟರ್. ನೇರ ವಿಮಾನವು ಆರು ಗಂಟೆಗಳ ಆಸುಪಾಸಿನಲ್ಲಿ ಈ ದೂರವನ್ನು ಕ್ರಮಿಸುತ್ತದೆ. ಸೌದಿಯ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿರುವುದರಿಂದ, ಬೆಳಗ್ಗೆ ಹತ್ತಕ್ಕೆ ಹೊರಟವರು ಅಲ್ಲಿನ ಮಧ್ಯಾಹ್ನ ಒಂದೂವರೆಯ ಹೊತ್ತಿಗೇ ಇಳಿಯುತ್ತಾರೆ.

ನಮ್ಮ ಹಿರಿಯರಿಗೆ ಈ ಸೌಕರ್ಯವಿರಲಿಲ್ಲ. 1995ರಲ್ಲಿ ನಿಲ್ಲುವವರೆಗೂ ಮುಂಬೈಯಿಂದ ಹೊರಡುತ್ತಿದ್ದ ಹಜ್ಜ್ ಹಡಗುಗಳು ಜಿದ್ದಾ ಸೇರಲು ವಾರಕ್ಕೂ ಮಿಕ್ಕಿ ದಿನಗಳು ಬೇಕಾಗುತ್ತಿದ್ದವು. ಮರಳಿ ಬರುವ ಭರವಸೆ ಇಲ್ಲದ್ದರಿಂದ ಅವರು ಸಾಲ ತೀರಿಸಿ, ವಸಿಯ್ಯತ್ ಬರೆಸಿ, ಮನೆಮನೆಗೆ ಹೋಗಿ ಕ್ಷಮೆ ಕೇಳಿ ಹೊರಡುತ್ತಿದ್ದರು. ತಿಳಿಯದ ಕರ್ಮಗಳನ್ನು ಹಡಗಿನಲ್ಲೇ ಕಲಿಯಲು ಸಮಯವಿರುತ್ತಿತ್ತು.

ವಿಮಾನದಲ್ಲಿ ಆ ಸಮಯವಿಲ್ಲ. ಅದು ಜಿದ್ದಾದಲ್ಲಿ ಇಳಿಯುವ ಮೊದಲೇ ಮೀಕಾತನ್ನು ದಾಟಿಬಿಡುತ್ತದೆ. ನೇರವಾಗಿ ಮಕ್ಕಾಕ್ಕೆ ಹೋಗುವವರು ಅಷ್ಟರೊಳಗೆ ಇಹ್ರಾಮಿನ ನಿಯ್ಯತ್ ಮಾಡಿರಬೇಕು. ಆದ್ದರಿಂದ ದಾರಿ ಕಿರಿದಾದಷ್ಟೂ ಮನೆಯಲ್ಲಿನ ಸಿದ್ಧತೆ ಹಿರಿದಾಗಬೇಕಿತ್ತು. ಆದರೆ ನಾವು ಕೊನೆಯ ದಿನಗಳನ್ನು ಪೆಟ್ಟಿಗೆಯ ತೂಕ, ಬೀಳ್ಕೊಡುಗೆಯ ಔತಣ ಮತ್ತು ಛಾಯಾಚಿತ್ರಗಳಲ್ಲಿ ಕಳೆಯುತ್ತಿದ್ದೇವೆ. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಸಹೋದರನ ಮನೆ ಮುಂದಿನ ಬೀದಿಯಲ್ಲೇ ಇದ್ದರೂ ಅಲ್ಲಿಗೆ ಹೋಗಲು ನಮಗೆ ಬಿಡುವಾಗುವುದಿಲ್ಲ.

ವಿಮಾನವನ್ನು ನಾವು ಹಳಿಯುತ್ತಿಲ್ಲ. ವೃದ್ಧರಿಗೂ ರೋಗಿಗಳಿಗೂ ಅದು ಅಲ್ಲಾಹನ ಅನುಗ್ರಹವೇ ಸರಿ. ಆದರೆ ಅದು ಉಳಿಸಿಕೊಟ್ಟ ದಿನಗಳಿಗೂ ನಾವು ಲೆಕ್ಕ ಕೊಡಬೇಕಲ್ಲವೇ? ಅವುಗಳಲ್ಲಿ ಒಂದು ದಿನವನ್ನಾದರೂ ಮುರಿದ ಸಂಬಂಧವನ್ನು ಬೆಸೆಯಲು ಮೀಸಲಿಡೋಣ. ಅಲ್ಲಾಹನು ನಮ್ಮೆಲ್ಲರ ಯಾತ್ರೆಯನ್ನು ಸ್ವೀಕರಿಸಲಿ. ಆಮೀನ್.