ಹೆಡ್ ಬೋಲ್ಟೂ ನನ್ನ ಮಂಡೆಯೂ

ಹೋದ ವರ್ಷ ಈಸ್ಟರ್ ರಜೆಗೆ ಸಿಡ್ನಿಯಿಂದ ಮೆಲ್ಬರ್ನಿಗೆ ಹೊರಟ ಅಪ್ಪ-ಮಗ ಯಾಸ್ ದಾಟಿ ಸ್ವಲ್ಪ ದೂರದಲ್ಲೇ ಹ್ಯೂಮ್ ಹೆದ್ದಾರಿ ಪಕ್ಕ ನಿಂತುಬಿಟ್ಟೆವು. ಬಾನೆಟ್ ಸಂದಿಯಿಂದ ಇಡ್ಲಿ ಪಾತ್ರೆ ಥರ ಹಬೆ, ಹಿಂದಿನಿಂದ ಬೆಳ್ಳನೆ ಹೊಗೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಬಣ್ಣ ಹಾಲು ಹೆಚ್ಚಾದ ಕಾಫಿಯ ಹಾಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು!

ಮಗ ಏನೂ ಅನ್ನಲಿಲ್ಲ. ನನಗೆ ಕಷ್ಟವಾಗಿದ್ದು ಅದೇ. ಯಾಕೆಂದರೆ ಎರಡು ವಾರದ ಹಿಂದೆ ಗ್ಯಾರೇಜಿನಲ್ಲಿ ಅವನು "ಅಪ್ಪಾ, ಬೋಲ್ಟ್‌ಗಳಿಗೆ ನಂಬರ್ ಹಾಕಿದಾರೆ ಈ ಪುಸ್ತಕದಲ್ಲಿ, ಅದೇ ಆರ್ಡರಲ್ಲಿ ಟೈಟ್ ಮಾಡ್ಬೇಕಂತೆ" ಅಂದಿದ್ದ. ನಾನು "ಗೊತ್ತು ಬಿಡೋ, ನೀನು ಹುಟ್ಟೋಕೆ ಮುಂಚೆ ಫಿಯೆಟ್ ಇಂಜಿನ್ ಬಿಚ್ಚಿದೋನು ನಾನು" ಅಂದಿದ್ದೆ. ನಿಜ ಹೇಳಬೇಕೂಂದ್ರೆ, ಬಿಚ್ಚಿದ್ದು ಊರಿನ ಮೆಕ್ಯಾನಿಕ್ಕು. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡು ನಿಂತಿದ್ದೆ, ಅಷ್ಟೆ.

ಗಾಡಿ ಎಚ್‌ಕ್ಯೂ ಹೋಲ್ಡನ್. 1971ರಿಂದ 74ರವರೆಗೆ ನಾಲ್ಕೂ ಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ತಯಾರಾದ, ಇಲ್ಲಿನವರ ಪಾಲಿಗೆ ನಮ್ಮ ಅಂಬಾಸಿಡರ್ ಇದ್ದ ಹಾಗೆ ಇದ್ದ ಕಾರು. ಒಳಗೆ ಸಾಲಾಗಿ ಆರು ಸಿಲಿಂಡರಿನ, ಕೆಂಪು ಬಣ್ಣ ಬಳಿದ 202 ಇಂಜಿನ್, 3.3 ಲೀಟರ್. ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಅಂಥ ಗಟ್ಟಿ ಪಿಂಡಕ್ಕೆ ಯಾವ ಬೋಲ್ಟ್ ಮೊದಲು ತಿರುಗಿಸಿದರೇನು ಅಂತ ನನ್ನ ಲೆಕ್ಕ. ಮುಂದಿನಿಂದ ಶುರು ಮಾಡಿ ಅಂಗಿ ಗುಂಡಿ ಹಾಕಿದ ಹಾಗೆ ಹಿಂದಿನವರೆಗೆ ಒಂದೇ ಸಲಕ್ಕೆ, ಕೈಯಂದಾಜಿನಲ್ಲಿ ಬಿಗಿದಿದ್ದೆ.

ಟೋ ಟ್ರಕ್ಕಿನಲ್ಲಿ ಗಾಡಿ ವಾಪಸ್ ಬಂತು. ಮತ್ತೆ ಹೆಡ್ ಇಳಿಸಿದೆವು. ಈ ಸಲ ಪುಸ್ತಕ ಮಗನ ಕೈಲಿ, ಸ್ಪ್ಯಾನರ್ ನನ್ನ ಕೈಲಿ.

ಒಬ್ಬಟ್ಟು ಲಟ್ಟಿಸುವಾಗ ಏನು ಮಾಡ್ತೀವಿ? ನಡುವಿನಿಂದ ಅಂಚಿಗೆ ಹೋಗ್ತೀವಿ. ಅಂಚಿನಿಂದ ಶುರು ಮಾಡಿದರೆ ಹೂರಣ ನಡುವೆ ಗುಡ್ಡೆಯಾಗುತ್ತೆ. ಹೆಡ್ಡಿನದೂ ಇದೇ ಕಥೆ. ಮೊದಲು ಮಧ್ಯದ ಬೋಲ್ಟ್‌ಗಳು, ಆಮೇಲೆ ಆ ಕಡೆ ಒಂದು ಈ ಕಡೆ ಒಂದು ಅಂತ ತುದಿಗಳಿಗೆ. ಅದೂ ಒಂದೇ ಏಟಿಗಲ್ಲ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ. ಹಾಗಾದರೆ ಗ್ಯಾಸ್ಕೆಟ್ ಎಲ್ಲಾ ಕಡೆ ಒಂದೇ ಸಮ ಕೂರುತ್ತೆ. ಎಲ್ಲೋ ಒಂದು ಕಡೆ ಸಡಿಲ ಉಳಿದರೂ ಇಂಜಿನ್ ಅದನ್ನು ಹುಡುಕಿಕೊಳ್ಳುತ್ತೆ! ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುವಾಗ ಒಂದೊಂದು ಸಿಲಿಂಡರಿನಲ್ಲೂ 1500 ಸಲ ಬೆಂಕಿ ಹತ್ತಿ, ಪ್ರತಿ ಸಲವೂ ಹೆಡ್ಡನ್ನು ಮೇಲಕ್ಕೆ ಒದೆಯುತ್ತೆ ನೋಡಿ. ಬಿಚ್ಚುವಾಗ ಕ್ರಮ ತಿರುಗುಮುರುಗು, ತುದಿಯಿಂದ ನಡುವಿಗೆ.

ನನಗೆ ಹೊಸದಾಗಿ ತಿಳಿದ ಸಂಗತಿ ಇನ್ನೊಂದು. ಬೋಲ್ಟ್ ಅಂದರೆ ಒಂದು ಸ್ಪ್ರಿಂಗು. ಬಿಗಿದಾಗ ಕೂದಲೆಳೆಯಷ್ಟು ಉದ್ದವಾಗಿ, ವಾಪಸ್ ಕುಗ್ಗಲು ನೋಡುವ ಅದರ ಎಳೆತವೇ ಹೆಡ್ಡನ್ನು ಹಿಡಿದಿಡುವುದು. ಆದರೆ ನಾವು ಹಾಕುವ ಶಕ್ತಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಆ ಎಳೆತಕ್ಕೆ. ಮಿಕ್ಕಿದ್ದೆಲ್ಲ ಬೋಲ್ಟಿನ ತಲೆಯಡಿಯ ಮತ್ತು ಮರೆಯ ಉಜ್ಜಾಟಕ್ಕೇ ಖರ್ಚು. ಮರೆಯಲ್ಲಿ ತುಕ್ಕೋ ಕೊಳೆಯೋ ಇದ್ದರೆ ಟಾರ್ಕ್ ರೆಂಚ್ 'ಟಕ್' ಅನ್ನುತ್ತೆ, ಬೋಲ್ಟ್ ಮಾತ್ರ ಬಿಗಿದೇ ಇರಲ್ಲ. ಅದಕ್ಕೇ ಒಂದು ಇಡೀ ಶನಿವಾರ ತಂತಿ ಬ್ರಷ್ ಹಿಡಿದು ಮರೆ ಉಜ್ಜಿ, ಪುಸ್ತಕ ಹೇಳಿದ ಕಡೆ ಹೇಳಿದಷ್ಟೇ ಎಣ್ಣೆ ಸವರಿದೆವು. ಜಾಸ್ತಿ ಸುರಿದರೂ ಕಷ್ಟ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತರೆ, ಬೋಲ್ಟ್ ಇಳಿದಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕ್ ಸೀಳಬಹುದು.

ಆಮೇಲೆ ಅಳತೆಯ ಗಲಾಟೆ. ಆಸ್ಟ್ರೇಲಿಯಾ ಮೆಟ್ರಿಕ್‌ಗೆ ಬದಲಾಗಿದ್ದು ಎಪ್ಪತ್ತರ ದಶಕದಲ್ಲಿ. ನಮ್ಮ ಪುಸ್ತಕ ಮಾತಾಡೋದು ಅಡಿ-ಪೌಂಡಿನಲ್ಲಿ, ನನ್ನ ರೆಂಚ್ ನ್ಯೂಟನ್-ಮೀಟರಿನಲ್ಲಿ. ಅಡಿ-ಪೌಂಡನ್ನು 1.36ರಿಂದ ಗುಣಿಸಬೇಕು, ಅಂದರೆ 70 ಅಡಿ-ಪೌಂಡ್ ಸುಮಾರು 95 ನ್ಯೂಟನ್-ಮೀಟರ್. ಅದನ್ನು ಮರೆತು 70ಕ್ಕೇ ನಿಲ್ಲಿಸಿದರೆ ಕಾಲು ಭಾಗಕ್ಕಿಂತ ಹೆಚ್ಚು ಸಡಿಲ. ಲೆಕ್ಕ ಮಗ ಮಾಡಿದ, ನಾನು ಎರಡು ಸಲ ನೋಡಿದೆ.

ಕೊನೆಯದಾಗಿ, ನಾನು ಹಾರಿಸಿಬಿಟ್ಟಿದ್ದ ಹೆಜ್ಜೆ. ಹಳೇ ಥರದ ಗ್ಯಾಸ್ಕೆಟ್ ಒಂದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಸ್ವಲ್ಪ ಅಮರಿಕೊಳ್ಳುತ್ತೆ, ಬೋಲ್ಟಿನ ಎಳೆತ ಕಮ್ಮಿಯಾಗುತ್ತೆ. ಮತ್ತೆ ಅದೇ ಕ್ರಮದಲ್ಲಿ ಬಿಗಿಯಬೇಕು. (ಇದು ಹಳೇ ಇಂಜಿನ್ ಮಾತು. ಎಂಬತ್ತರ ದಶಕದಿಂದೀಚೆಗೆ ಬಂದ ಎಷ್ಟೋ ಇಂಜಿನ್‌ಗಳಲ್ಲಿ ಇಂತಿಷ್ಟು ಡಿಗ್ರಿ ಅಂತ ತಿರುಗಿಸಬೇಕು, ಒಂದು ಸಲ ಬಿಗಿದು ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕೋ ಹಾಗಿಲ್ಲ. ನಿಮ್ಮ ಗಾಡಿಯ ಪುಸ್ತಕ ನೋಡಿಯೇ ಕೈ ಹಾಕಿ.) ಎರಡನೇ ಸಲ ಬಿಗಿಯುವಾಗ ನಿಜಕ್ಕೂ ಬೋಲ್ಟ್‌ಗಳು ಒಂದಿಷ್ಟು ತಿರುಗಿದವು. ಮಗ ನನ್ನ ಮುಖ ನೋಡಿದ.

"ನೀನು ಹೇಳಿದ್ದೇ ಸರಿ ಕಣೋ. ನನ್ನದು ತಪ್ಪಾಯ್ತು" ಅಂದೆ. ಇಷ್ಟು ಹೇಳೋದಕ್ಕೆ ನನಗೆ ಯಾಸ್‌ನಿಂದ ಟೋ ಟ್ರಕ್ಕಿನ ಬಾಡಿಗೆ ಆಗಿತ್ತು. ನಮ್ಮಪ್ಪ ನನಗೆ ಯಾವತ್ತೂ ಹಾಗಂದವರಲ್ಲ. ಅವರಿಗೂ ಬಾಯಿಗೆ ಬಂದು ನಿಂತಿರುತ್ತಿತ್ತೇನೋ ಅಂತ ಈಗ ಅನ್ನಿಸುತ್ತೆ.

ಜೂನ್‌ನಲ್ಲಿ ಮತ್ತೆ ಹೊರಟೆವು. ಮಗನದು ಕೆಂಪು ಪಿ ಪ್ಲೇಟು, 90ರ ಮೇಲೆ ಹೋಗೋ ಹಾಗಿಲ್ಲ; ಹೊಸದಾಗಿ ಜೋಡಿಸಿದ ಇಂಜಿನ್ನಿಗೂ ಅದೇ ಒಳ್ಳೇದು. ಯಾಸ್ ದಾಟುವಾಗ ಇಬ್ಬರೂ ಮಾತಾಡಲಿಲ್ಲ. ಗುಂಡಗೈನಲ್ಲಿ ಬುತ್ತಿ ಪೆಟ್ಟಿಗೆ ಮೇಲೆ ಕೂತ ನಾಯಿ ಪ್ರತಿಮೆಯ ಹತ್ತಿರ ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಕುಡಿದು, ಡಿಪ್‌ಸ್ಟಿಕ್ ನೋಡಿದೆವು. ಆಯಿಲ್ ಆಯಿಲಿನ ಬಣ್ಣದಲ್ಲೇ ಇತ್ತು.

ಮೆಲ್ಬರ್ನಿನಲ್ಲಿ ಮಗ ಗಾಡಿಯನ್ನು ಫಿಶರ್‌ಮನ್ಸ್ ಬೆಂಡ್ ಕಡೆ ತಿರುಗಿಸಿದ. 1948ರಲ್ಲಿ ಮೊದಲ ಹೋಲ್ಡನ್ ಹೊರಬಂದ ಜಾಗ, ನಮ್ಮ ಇಂಜಿನ್ನಿನ ತವರುಮನೆ. ಅಲ್ಲಿ ಇಂಜಿನ್ ತಯಾರಿಕೆ 2016ರಲ್ಲೇ ನಿಂತಿತು. ಹೋಲ್ಡನ್ ಅನ್ನೋ ಹೆಸರನ್ನೇ ಕೈಬಿಡುವುದಾಗಿ 2020ರಲ್ಲಿ ಹೇಳಿಬಿಟ್ಟರು. ನೋಡೋಕೆ ಅಂಥದ್ದೇನೂ ಇರಲಿಲ್ಲ. ಮಗ ಇಂಜಿನ್ ಆರಿಸದೆ ಎರಡು ನಿಮಿಷ ಹಾಗೇ ನಿಲ್ಲಿಸಿಕೊಂಡಿದ್ದ. ಒಂದೇ ಸಮ ಓಡ್ತಾ ಇತ್ತು.