ಕವರ್ ಹಾಕಿದ್ದು ನಾನೇ

ಈ ಸಲ ಚೌತಿಗೆ ಊರಿಗೆ ಹೋದವನು ಬ್ಯಾಗ್ ಇಟ್ಟು, ಕಾಫಿ ಕುಡಿಯುವ ಮೊದಲೇ ಅಪ್ಪನ ಬೈಕಿನ ಕವರ್ ತೆಗೆದೆ. ತೆಗೆದು ಹಾಗೇ ನಿಂತುಬಿಟ್ಟೆ. ಸೀಟಿನ ಮೇಲೆ ಬಿಳಿ ಬೂಸ್ಟು. ರಿಮ್ ತುಂಬ ಕಂದು ಚುಕ್ಕಿ. ಸೈಲೆನ್ಸರಿನ ಕೆಳಭಾಗ ಮುಟ್ಟಿದರೆ ಹಪ್ಪಳದ ಹಾಗೆ ಪದರ ಎದ್ದು ಕೈಗೆ ಬಂತು. ಮೇ ಕೊನೆಯಲ್ಲಿ ನಾನೇ ತೊಳೆದು, ಫಳಫಳ ಹೊಳೆಯುವಾಗ ಕವರ್ ಹಾಕಿ ಬಸ್ ಹತ್ತಿದ್ದೆ. ಮೂರೂವರೆ ತಿಂಗಳಲ್ಲಿ ಈ ಗತಿ.

ಅದು 2004ರ ಸ್ಪ್ಲೆಂಡರ್. ನಮ್ಮ ಮನೆ ಮಲ್ಪೆಯಿಂದ ಸ್ವಲ್ಪ ಉತ್ತರಕ್ಕೆ, ಸಮುದ್ರಕ್ಕೆ ಒಂದು ಕಿಲೋಮೀಟರೂ ಇಲ್ಲ. ಆ ಉಪ್ಪು ಗಾಳಿಯಲ್ಲಿ ಕಿಟಕಿಯ ಸರಳೇ ಎರಡು ವರ್ಷಕ್ಕೊಮ್ಮೆ ಪೇಂಟ್ ಕೇಳುತ್ತದೆ. ಆದರೆ ಅಪ್ಪನ ಬೈಕಿಗೆ ಅಷ್ಟು ವರ್ಷ ಹೇಳಿಕೊಳ್ಳುವಂಥ ತುಕ್ಕು ಹಿಡಿದಿರಲಿಲ್ಲ. ಅಪ್ಪ ಅದಕ್ಕೆ ದೊಡ್ಡ ಸೇವೆ ಏನೂ ಮಾಡುತ್ತಿರಲಿಲ್ಲ. ಸಂಜೆ ಬಂದು ಕಾಲು ತೊಳೆಯುವ ಮೊದಲು ಹಳೆ ಲುಂಗಿಯ ತುಂಡಿನಲ್ಲಿ ಗಾಡಿ ಒರೆಸುತ್ತಿದ್ದರು. ಮಳೆಯಲ್ಲಿ ಬಂದ ದಿನ ಎರಡು ಸಲ. ಕಾಲೇಜಿನಲ್ಲಿದ್ದಾಗ ನನಗೆ ಇದು ತಮಾಷೆ. "ನಾಳೆ ಪುನಃ ಒದ್ದೆ ಆಗ್ತದೆ, ಎಂತಕ್ಕೆ ಒರೆಸುದು?" ಅಂತ ಕೇಳಿದ್ದೆ. ಅಪ್ಪ ಉತ್ತರ ಹೇಳಿರಲಿಲ್ಲ, ಒರೆಸುತ್ತಲೇ ಇದ್ದರು.

ಏಪ್ರಿಲ್‌ನಲ್ಲಿ ಅವರ ಮಂಡಿಯ ಆಪರೇಷನ್ ಆಯಿತು. ಕೆಲವು ತಿಂಗಳು ಕಿಕ್ಕರ್ ತುಳಿಯುವ ಹಾಗಿಲ್ಲ. ಮಳೆಗಾಲ ಪೂರ್ತಿ ಗಾಡಿ ನಿಂತೇ ಇರುತ್ತದಲ್ಲ ಅಂತ ನಾನು ಬೆಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ಕವರ್ ತರಿಸಿದೆ. ನೂರಕ್ಕೆ ನೂರು ವಾಟರ್‌ಪ್ರೂಫ್, ಒಳಗೆ ಬೆಳ್ಳಿ ಬಣ್ಣದ ಲೇಪ, ಕೆಳಗೆ ಬಿಗಿಯಾದ ಎಲಾಸ್ಟಿಕ್. ಹೊರಡುವ ದಿನ ಸಂಜೆ ಪಂಪಿನ ಪೈಪ್ ಹಿಡಿದು, ಬಟ್ಟೆ ಸೋಪಿನ ಪೌಡರ್ ಒಂದು ಹಿಡಿ ಹಾಕಿ ಚೆನ್ನಾಗಿ ತೊಳೆದೆ. ಬಸ್ಸಿಗೆ ಹೊತ್ತಾಗಿತ್ತು. ಮೇಲೆ ಮೇಲೆ ಒರೆಸಿ, ಕವರ್ ಎಳೆದು, ಎಲಾಸ್ಟಿಕ್ ಸರಿ ಮಾಡಿ ಹೊರಟೆ. ಒಳ್ಳೆ ಕೆಲಸ ಮಾಡಿದ ಸಮಾಧಾನ ಬೇರೆ.

ಮೆಕ್ಯಾನಿಕ್ ಅಣ್ಣ ಮನೆಗೇ ಬಂದು ನೋಡಿದರು. ಕವರನ್ನು ಎತ್ತಿ ಮೂಸಿ ನೋಡಿ, "ಮಳೆ ನೀರು ಒಳಗೆ ಹೋಗ್ಲಿಲ್ಲ, ಹೌದು. ಒಳಗಿದ್ದ ನೀರು ಹೊರಗೂ ಹೋಗ್ಲಿಲ್ಲ ಅಲ್ವಾ?" ಅಂದರು. ಅಷ್ಟೇ ವಿಷಯ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಬೇಕು, ಗಾಳಿ ಬೇಕು. ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದ್ದೀರಲ್ಲ, ಯಾರೂ ನೀರು ಹಾಕದಿದ್ದರೂ ಉಪ್ಪು ಒದ್ದೆ. ಗಾಳಿಯಲ್ಲಿರುವ ತೇವವನ್ನು ಅದೇ ಎಳೆದುಕೊಳ್ಳುತ್ತದೆ. ಬೈಕಿನ ಸಂದಿಗೊಂದಿಯಲ್ಲಿ ಕೂತ ಸಮುದ್ರದ ಉಪ್ಪೂ ಹಾಗೇ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಷ್ಟು ದಿನ ನಾನು ಆ ಗಾಡಿಯನ್ನು ಹಬೆಯಲ್ಲಿ ಬೇಯಿಸಿದ ಹಾಗೆ ಇಟ್ಟಿದ್ದೆ.

ಬೇಜಾರು ತುಕ್ಕಿನದ್ದಲ್ಲ. ಅಮ್ಮ ಹೇಳಿದ ಒಂದು ಮಾತು. "ಒಮ್ಮೆ ತೆಗೆದು ಗಾಳಿಗೆ ಬಿಡುವ ಅಂತ ನಾನು ಹೇಳಿದ್ದೆ. ಮಗ ಹಾಕಿ ಹೋದದ್ದು, ಇರ್ಲಿ ಅಂದ್ರು ಇವ್ರು."

ಇಪ್ಪತ್ತು ವರ್ಷ ದಿನಾ ಒರೆಸಿದ ಮನುಷ್ಯನಿಗೆ ಒಳಗೆ ಏನಾಗುತ್ತಿದೆ ಅಂತ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ರಜೆ ಎರಡು ದಿನ ಹೆಚ್ಚು ಹಾಕಿದೆ. ಅಪ್ಪ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು, ನಾನು ಅಂಗಳದಲ್ಲಿ. ಮೊದಲ ಪಾಠ ಪೈಪ್ ತಿರುಗಿಸಿದ ಕೂಡಲೇ. ಜೋರು ನೀರು ಬೇಡ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಕೆಸರಿನ ಜೊತೆ ಚಕ್ರದ ಬೇರಿಂಗಿನ ಗ್ರೀಸನ್ನೂ ಎಬ್ಬಿಸುತ್ತದೆ, ಹ್ಯಾಂಡಲ್ ಸ್ವಿಚ್ಚಿನೊಳಗೂ ನುಗ್ಗುತ್ತದೆ. ಎಂಜಿನ್ ಪೂರ್ತಿ ತಣಿದಿರಬೇಕು. ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಬೇಕು, ಆಮೇಲೆ ನೆನಪಿನಿಂದ ಬಿಚ್ಚಲೂಬೇಕು. ಬಟ್ಟೆ ಸೋಪಿನ ಪೌಡರ್ ಇನ್ನು ಮುಟ್ಟುವುದಿಲ್ಲ. ಅದರಲ್ಲಿ ವಾಷಿಂಗ್ ಸೋಡದಂಥ ಲವಣಗಳಿರುತ್ತವೆ, ಪೇಂಟಿನ ಮೇಲಿನ ವ್ಯಾಕ್ಸನ್ನೂ ಕಿತ್ತು ತೆಗೆಯುತ್ತದೆ. ಕಾರು ತೊಳೆಯುವ ಶಾಂಪೂ ಎರಡು ಮುಚ್ಚಳ ಸಾಕು. ಮೇಲಿನಿಂದ ಕೆಳಗೆ ತೊಳೆಯಿರಿ. ಚೈನಿಗೆ, ಚಕ್ರಕ್ಕೆ ಬಳಸಿದ ಬಟ್ಟೆಯಲ್ಲಿ ಟ್ಯಾಂಕ್ ಉಜ್ಜಿದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೆ. ಕೆಸರು ಹೆಚ್ಚು ಅಡಗುವುದು ಮಡ್‌ಗಾರ್ಡಿನ ಒಳಗೆ ಮತ್ತು ಸ್ಟ್ಯಾಂಡಿನ ಸ್ಪ್ರಿಂಗಿನ ಸುತ್ತ. ಅಲ್ಲಿಗೆ ಹಳೆ ಟೂತ್‌ಬ್ರಶ್ಶೇ ಸರಿ.

ತೊಳೆದಾದ ಮೇಲೆ ಎಂದಿನಂತೆ ಅದೊಂದು ಕೈ ಒರೆಸಿ ಎದ್ದೆ. "ಕಾವಲಿ ಹೀಗೆ ಇಟ್ರೆ ನಿನ್ನಮ್ಮ ಸುಮ್ಮನಿರ್ತಾಳಾ?" ಅಂತ ಜಗಲಿಯಿಂದ ಬಂತು. ನಮ್ಮ ಮನೆಯ ಬೀಡಿನ ಕಾವಲಿ ಅಜ್ಜಿಯ ಕಾಲದ್ದು. ದೋಸೆ ಹೊಯ್ದು ಮುಗಿದ ಮೇಲೆ ಅಮ್ಮ ಅದನ್ನು ತೊಳೆದರೆ ಒದ್ದೆ ಇಡುವುದಿಲ್ಲ. ಒರೆಸಿ, ಒಲೆ ಮೇಲಿಟ್ಟು ಬಿಸಿ ಮಾಡಿ, ಒಂದು ತೊಟ್ಟು ಎಣ್ಣೆ ಸವರಿ ಗೋಡೆಗೆ ಒರಗಿಸುತ್ತಾಳೆ. ಬೈಕಿಗೂ ಇದೇ ಕ್ರಮ. ಬೋಲ್ಟಿನ ಗುಳಿ, ರಿಮ್ಮಿನ ಅಂಚು, ಸೀಟಿನ ಕೆಳಗೆಲ್ಲ ಬಟ್ಟೆ ತೂರಿಸಿ ಒರೆಸಿ, ಆಮೇಲೆ ಒಂದು ಹತ್ತು ಹದಿನೈದು ನಿಮಿಷ ಓಡಿಸಬೇಕು. ಎಂಜಿನ್ ಬಿಸಿಗೆ, ಗಾಳಿಗೆ ಉಳಿದ ನೀರು ಆರುತ್ತದೆ. ಮೊದಲ ನೂರು ಮೀಟರ್ ನಿಧಾನ ಹೋಗಿ, ಬ್ರೇಕನ್ನು ನಾಲ್ಕು ಸಲ ಮೆಲ್ಲಗೆ ಹಿಡಿದು ಬಿಡಿ. ಒದ್ದೆ ಬ್ರೇಕ್ ನಂಬಬೇಡಿ.

"ಓಡಿಸಲು ಟೈಮಿಲ್ಲ, ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ" ಅನ್ನುವವರು ತುಂಬ ಜನ. ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾನೂ ವಾರಕ್ಕೊಮ್ಮೆ ಇದೇ ಮಾಡುತ್ತಿದ್ದೆ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಬರುತ್ತದೆ. ಸೈಲೆನ್ಸರ್ ಪೂರ್ತಿ ಬಿಸಿಯಾಗದಿದ್ದರೆ ಅದು ಒಳಗೇ ನೀರಾಗಿ ಕೂತು ಒಳಗಿನಿಂದಲೇ ತಿನ್ನುತ್ತದೆ. ಓಡಿಸುವುದಾದರೆ ಸರಿಯಾಗಿ ಓಡಿಸಿ, ಇಲ್ಲವೇ ಸ್ಟಾರ್ಟೇ ಮಾಡಬೇಡಿ.

ಈಗ ಹಿಡಿದ ತುಕ್ಕಿಗೆ ಏನು ಮಾಡುವುದು? ರಿಮ್ಮಿನ ಮೇಲ್ಮೇಲಿನ ಚುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದೆ. ಕ್ರೋಮ್‌ಗಿಂತ ಅಲ್ಯೂಮಿನಿಯಂ ಮೆದು, ಹಾಗಾಗಿ ಗೀರು ಬೀಳುವ ಭಯ ಕಡಿಮೆ. ನಂಬಿ, ಅರ್ಧಕ್ಕರ್ಧ ಹೋಯಿತು. ಉಳಿದರ್ಧ ಹೋಗುವುದಿಲ್ಲ, ಅಲ್ಲಿ ಕ್ರೋಮೇ ಇಲ್ಲ. ಪೇಂಟ್ ಎದ್ದ ಕಡೆ ಎಮರಿ ಪೇಪರಿನಲ್ಲಿ ಉಜ್ಜಿ, ಬೆಳ್ಳಗೆ ಕಬ್ಬಿಣ ಕಂಡ ಅದೇ ದಿನ ಪ್ರೈಮರ್ ಹಚ್ಚಿದೆ. ನಾಳೆ ಹಚ್ಚುವ ಅಂತ ಬಿಟ್ಟರೆ ಕರಾವಳಿಯಲ್ಲಿ ನಾಳೆ ಬೆಳಿಗ್ಗೆ ಅದು ಪುನಃ ಕೆಂಪು.

ನೋಡಲು ಚಂದ ಇಲ್ಲ ಅನ್ನುವುದು ಬೇರೆ, ಜೀವಕ್ಕೆ ಅಪಾಯ ಅನ್ನುವುದು ಬೇರೆ. ಮೆಕ್ಯಾನಿಕ್ ಅಣ್ಣ ಸ್ಪ್ಯಾನರ್ ತಗೊಂಡು ಹಿಂದಿನ ಚಕ್ರದ ಸ್ಪೋಕ್ಸ್ ಒಂದೊಂದಾಗಿ ತಟ್ಟಿದರು. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ. ಏಳು ಸ್ಪೋಕ್ಸ್ ಬರೀ ಟಕ್ ಅಂದವು, ತಲೆಯ ಹತ್ತಿರ ತಿಂದು ಹೋಗಿದ್ದವು. ಅಪ್ಪ ದೀಪಾವಳಿ ಹೊತ್ತಿಗೆ ಗಾಡಿ ತೆಗೆಯುವ ಯೋಚನೆಯಲ್ಲಿದ್ದರು, ಹಿಂದೆ ಅಮ್ಮನನ್ನು ಕೂರಿಸಿಕೊಂಡು. ನನಗೆ ಆಮೇಲೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯನ್ನೂ ಉಗುರಿನಿಂದ ಸವರಿ ನೋಡಬೇಕಂತೆ. ತುಕ್ಕಿನ ಗುಳಿ ಉಗುರಿಗೆ ಸಿಕ್ಕರೆ ಅದು ಆಯಿಲ್ ಸೀಲನ್ನು ಹರಿದು ಹಾಕುತ್ತದೆ. ಪುಣ್ಯಕ್ಕೆ ಅದು ನುಣುಪಾಗಿತ್ತು. ಸ್ಪೋಕ್ಸ್, ಸೈಲೆನ್ಸರ್, ಚೈನ್ ಸೆಟ್ ಹೊಸದು ಹಾಕಿಸಿದೆ. ಕವರಿನ ದುಡ್ಡಿಗಿಂತ ಎಷ್ಟು ಪಟ್ಟು ಅಂತ ಲೆಕ್ಕ ಹಾಕಲಿಲ್ಲ.

ತುಕ್ಕು ಬಾರದಿರಲು ಏನು ಹಚ್ಚಬೇಕು ಅಂತ ಆಫೀಸಿನಲ್ಲಿ ಕೇಳುತ್ತಾರೆ. ಹೆಚ್ಚಿನವರ ಕೈಯಲ್ಲಿ ಇರುವುದು ಡಬ್ಲ್ಯೂಡಿ-40. ಆ ಹೆಸರಿನ ಅರ್ಥವೇ ನೀರನ್ನು ಹೊರಗೆ ತಳ್ಳುವುದು, ನಲವತ್ತನೇ ಪ್ರಯತ್ನ ಅಂತ. 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು, ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಬಳಸಿದರು. ಬೋಲ್ಟ್ ಸಂದಿಯ ನೀರು ಓಡಿಸಲು ಒಳ್ಳೆಯದೇ, ಆದರೆ ಪದರ ತೆಳು. ಮಳೆಗಾಲ ಪೂರ್ತಿ ಕಾಯುತ್ತದೆ ಅಂದುಕೊಳ್ಳಬೇಡಿ. ಚೈನಿಗೆ ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಲ್ಯೂಬ್ ಹಾಕಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಐನೂರು ಕಿಲೋಮೀಟರಿಗೊಮ್ಮೆ ಸಾಕು, ಮಳೆಯಲ್ಲಿ ಇನ್ನೂ ಬೇಗ. ಪೇಂಟಿಗೆ, ಕ್ರೋಮಿಗೆ ವ್ಯಾಕ್ಸ್. ಬ್ರೇಕ್ ಡಿಸ್ಕಿಗೆ, ಟೈರಿಗೆ ಮಾತ್ರ ವ್ಯಾಕ್ಸೂ ಬೇಡ, ಎಣ್ಣೆಯೂ ಬೇಡ. ನಮ್ಮ ಕಡೆ ಕೆಲವರು ಮಳೆಗಾಲಕ್ಕೆ ಮುಂಚೆ ಸುಟ್ಟ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಗಾಡಿಯ ಅಡಿಗೆಲ್ಲ ಹೊಡೆಸುತ್ತಾರೆ. ತುಕ್ಕು ತಡೆಯಬಹುದು, ಆದರೆ ರಬ್ಬರ್ ಭಾಗಗಳು ಊದಿಕೊಂಡು ಹಾಳಾಗುತ್ತವೆ, ಬ್ರೇಕಿಗೆ ತಾಗಿದರಂತೂ ಕತೆ ಮುಗಿಯಿತು. ನನಗೆ ಅದು ಇಷ್ಟವಿಲ್ಲ.

ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಫುಲ್ ಮಾಡಿ ಬಿಡಿ. ಅರ್ಧ ಟ್ಯಾಂಕಿನ ಖಾಲಿ ಜಾಗದ ಗಾಳಿಯಲ್ಲಿರುವ ತೇವ ಒಳಗೋಡೆಗೆ ನೀರಾಗಿ ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ಅದೂ ತೇವ ಎಳೆದುಕೊಳ್ಳುವ ವಸ್ತುವೇ. ಮೇನ್ ಸ್ಟ್ಯಾಂಡ್ ಹಾಕಿ, ಮಾಡಿನ ಕೆಳಗೆ ಗಾಳಿ ಆಡುವ ಕಡೆ ನಿಲ್ಲಿಸಿ. ಧೂಳಿಗೆ ಹಳೆ ಕಾಟನ್ ಸೀರೆ ಹೊದಿಸಿದರೂ ಆಗುತ್ತದೆ.

ಮೊನ್ನೆ ಅಮ್ಮ ಫೋಟೋ ಕಳಿಸಿದ್ದಳು. ಅಪ್ಪ ಅಂಗಳದಲ್ಲಿ ಬೈಕ್ ಪಕ್ಕ ಸ್ಟೂಲ್ ಹಾಕಿ ಕೂತು, ಲುಂಗಿಯ ತುಂಡಿನಲ್ಲಿ ಹೊಸ ಸ್ಪೋಕ್ಸ್ ಒರೆಸುತ್ತಿದ್ದರು. ಹಿಂದೆ, ಬಚ್ಚಲಿನ ಪಕ್ಕದ ಸೌದೆ ರಾಶಿಯ ಮೇಲೆ ನನ್ನ ಬೆಳ್ಳಿ ಬಣ್ಣದ ಕವರ್. ಅದರ ಕೆಳಗೆ ಸೌದೆಗೂ ಬೂಸ್ಟು ಬಂದಿದೆಯಂತೆ.