ಸಮಾಜ ಬಾಂಧವರಿಗೆ ಮಾತ್ರ



ಮಳೆ ನಿಂತದ್ದೇ ತಡ, ತೊಕ್ಕೊಟ್ಟಿನಲ್ಲಿ ಬ್ಯಾನರ್ ಏಳ್ತದೆ. ಪತ್ತನಾಜೆವರೆಗೂ ಒಂದಲ್ಲ ಒಂದು ಪ್ರೀಮಿಯರ್ ಲೀಗ್. ಹರಾಜು, ಜೆರ್ಸಿ, ಹೊನಲು ಬೆಳಕು ಎಲ್ಲ ಉಂಟು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಮಾಜ ಬಾಂಧವರಿಗೆ ಮಾತ್ರ’. ದೊಡ್ಡವರದ್ದು ನೋಡಿ ಅಭ್ಯಾಸ ಆಗಿತ್ತು. ಈ ಸೀಸನ್ ಹದಿನಾರರ ಒಳಗಿನ ಮಕ್ಕಳಿಗೂ ಅದೇ ಬೋರ್ಡು ಬಂತು.

ನನ್ನ ಅಕ್ಕನ ಮಗ ಹತ್ತನೇ ಕ್ಲಾಸು, ವೇಗದ ಬೌಲರ್. ಆ ಲೀಗಿನ ಅರ್ಧ ಹುಡುಗರು ಅವನ ಕ್ಲಾಸ್‌ಮೇಟ್‌ಗಳು. ವರ್ಷವಿಡೀ ಸಂಜೆ ಇವನ ಬಾಲಿಗೇ ಪ್ರಾಕ್ಟೀಸ್ ಮಾಡಿದ್ದು. ಅರ್ಜಿ ನಮೂನೆಯಲ್ಲಿ ಸಮಾಜದ ಸಂಘದ ಸಹಿ ಬೇಕು ಅಂದಾಗ ಇವನು ಹೊರಗೆ. ಒಂದು ತಂಡದ ಮ್ಯಾನೇಜರ್ ಹೆಗಲ ಮೇಲೆ ಕೈ ಹಾಕಿ, ‘ನಿನ್ನ ಹಾಗೆ ಹಾಕುವವ ನಮ್ಮಲ್ಲಿ ಯಾರೂ ಇಲ್ಲ, ಎಂತ ಮಾಡುದು, ರೂಲ್ಸ್’ ಅಂದರಂತೆ. ಮ್ಯಾಚಿನ ದಿನ ಮಾತ್ರ ಕರೆದರು. ಬೌಂಡರಿಗೆ ಸುಣ್ಣ ಹಾಕಲು, ಸ್ಕೋರ್ ಬೋರ್ಡ್ ಬದಲಿಸಲು. ಮುನ್ನೂರು ರೂಪಾಯಿ, ಊಟ. ಹೋಗಿ ಬಂದು ‘ಅವರೆಲ್ಲ ಒಳ್ಳೆಯವರೇ ಮಾಮ’ ಅಂದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಕೂಡ ಪುಣೆಯ ಜಿಮ್ಖಾನಾದಲ್ಲಿ ಪಿಚ್ ನೋಡಿಕೊಳ್ಳುತ್ತಾ, ಬ್ರಿಟಿಷರಿಗೆ ನೆಟ್ಸಿನಲ್ಲಿ ಬೌಲ್ ಮಾಡುತ್ತಾ ಬೆಳೆದವರು. ಚಮ್ಮಾರರ ಮಗ. ಹಿಂದೂ ತಂಡಕ್ಕೆ ಅವರ ಎಡಗೈ ಬೇಕಿತ್ತು. ಚಹಾ ಮಾತ್ರ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರನ್ನು ಒಮ್ಮೆಯೂ ಹಿಂದೂ ತಂಡದ ನಾಯಕ ಮಾಡಲಿಲ್ಲ. ತಮ್ಮ ವಿಠಲ್ ನಾಯಕನಾಗಲು 1923 ಬರಬೇಕಾಯ್ತು. ಧರ್ಮದ ಲೆಕ್ಕದಲ್ಲಿ ತಂಡ ಕಟ್ಟುವ ಆ ಬಾಂಬೆ ಟೂರ್ನಿ 1946ರಲ್ಲಿ ನಿಂತಿತು. ನಾವದನ್ನು ಜಾತಿ ಲೆಕ್ಕದಲ್ಲಿ ಪುನಃ ಶುರು ಮಾಡಿದ್ದೇವೆ, ಅದೂ ಮಕ್ಕಳಿಗೆ!

‘ಆಟದಲ್ಲಿ ಜಾತಿ ತರಬೇಡಿ ಮಾರಾಯ್ರೆ’ ಅಂತ ನನಗೇ ಬುದ್ಧಿ ಹೇಳುವವರಿದ್ದಾರೆ. ಬ್ಯಾನರಿನಲ್ಲಿ ತಂದದ್ದು ಯಾರು? ಟೋಕಿಯೊ ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದ ವಂದನಾ ಕಟಾರಿಯಾ ಮನೆ ಮುಂದೆ, ಸೆಮಿಫೈನಲ್ ಸೋತ ದಿನ, ಪಟಾಕಿ ಹೊಡೆದು ಜಾತಿ ಹೆಸರಲ್ಲಿ ಬೈದದ್ದು ಯಾರು? ಕೊಡಗಿನಲ್ಲಿ 1997ರಿಂದ ಕೊಡವ ಕುಟುಂಬಗಳ ಹಾಕಿ ಇಲ್ಲವಾ ಅಂತಲೂ ಕೇಳ್ತಾರೆ. ಅಲ್ಲಿಗೂ ನನ್ನ ಪ್ರಶ್ನೆ ಒಂದೇ: ಮೈದಾನ ಯಾರದ್ದು, ದುಡ್ಡು ಯಾರದ್ದು?

ನಮ್ಮವರ ಹತ್ತಿರವೂ ಒಂದು ಜಗಳ ಉಂಟು ನನಗೆ. ‘ನಾವೂ ನಮ್ಮದೇ ಲೀಗ್ ಮಾಡುವ ಅಣ್ಣ, ಸ್ಪಾನ್ಸರ್ ಸಿಗ್ತಾರೆ’ ಅಂತ ನಾಲ್ಕು ಹುಡುಗರು ಮನೆಗೆ ಬಂದಿದ್ದರು. ಸಿಟ್ಟು ಅರ್ಥ ಆಗ್ತದೆ. ಆದರೆ ಏಪ್ರಿಲ್ 14ರ ನಮ್ಮ ಟೂರ್ನಿಯಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ, ಯಾರು ಬೇಕಾದರೂ ಆಡಬಹುದು. ಅದನ್ನು ಬಿಟ್ಟು ‘ಎಸ್‌ಸಿ ಲೀಗ್’ ಅಂತ ಬೇಲಿ ಹಾಕಿಕೊಂಡರೆ ಅವರಿಗೆ ಕೆಲಸ ಸುಲಭ. ‘ನಿಮಗೂ ಉಂಟಲ್ಲ’ ಅಂತಾರೆ. ಅಕ್ಕನ ಮಗನಿಗೆ ಬೇಕಿರುವುದು ಅವನ ಕ್ಲಾಸಿನ ಹುಡುಗರ ಜೊತೆಗಿನ ಆಟ.

ನಾನು ಗುಮಾಸ್ತ, ನನಗೆ ಗೊತ್ತಿರುವುದು ಅರ್ಜಿ ಬರೆಯುವುದು. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಸಾರ್ವಜನಿಕ ಜಾಗದಲ್ಲಿ ಜಾತಿ ಕಾರಣಕ್ಕೆ ಯಾರಿಗೂ ತಡೆ ಹಾಕುವಂತಿಲ್ಲ ಅಂತ ಸಂವಿಧಾನದ 15(2)ನೇ ವಿಧಿ ಹೇಳ್ತದೆ. ಈ ಲೀಗ್ ನಡೆದ ಮೈದಾನ ಸರ್ಕಾರಿ ಜಾಗ. ಯಾವ ಷರತ್ತಿನ ಮೇಲೆ ಅನುಮತಿ ಕೊಟ್ಟಿರಿ, ಬಾಡಿಗೆ ಎಷ್ಟು, ನಮೂನೆಯ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳ್ತಿದ್ದೇನೆ. ಮುಂದಿನ ಸೀಸನ್‌ಗೆ ಜಾತಿ ಷರತ್ತಿರುವ ಟೂರ್ನಿಗೆ ಮೈದಾನ ಕೊಡಬಾರದು ಅಂತ ಬೇರೆ ಮನವಿಯೂ ರೆಡಿ ಉಂಟು.

ಸಹಿ ಹಾಕುವವರು ಭಾನುವಾರ ಸಂಜೆ ಐದಕ್ಕೆ ತೊಕ್ಕೊಟ್ಟು ಬಸ್ ಸ್ಟ್ಯಾಂಡ್ ಹತ್ತಿರ ಬನ್ನಿ. ಪೆನ್ ನಾನು ತರ್ತೇನೆ. ಯಾವ ಜಾತಿಯವರಾದರೂ ಬರಬಹುದು.